ಪೆಟ್ರೋಲ್ ನೀವು ಹಾಕಿಸಿದ್ದು ಖರೇ

ಕೆಲಗೇರಿ, ಧಾರವಾಡ
ಬುಧವಾರ, ೧೦ ಡಿಸೆಂಬರ್ ೨೦೦೩

ಭಾಗ್ಯಾನ ಅಪ್ಪಾರಿಗೆ ರತ್ನವ್ವನ ಶರಣು.

ಹೆಂಗದೀರಿ? ಕೊಲ್ಹಾಪುರದಾಗ ಈ ಸಲ ಥಂಡಿ ಭಾಳ ಅಂತ ನಿಮ್ಮ ಅಕ್ಕಾರು ಫೋನಿನ್ಯಾಗ ಹೇಳಿದ್ರು. ನಿಮ್ಮ ಸ್ವೆಟರ್ ಇಲ್ಲೇ ಟ್ರಂಕಿನ್ಯಾಗ ಉಳದೈತಿ, ಅಲ್ಲೆ ಏನ ಹಾಕ್ಕೋತೀರೋ ಏನೋ. ಊಟಾ ಅರ್ಧಕ್ಕ ಬಿಟ್ಟು ಏಳ್ತೀರಿ, ಕೆಲಸದಿಂದ ಬಂದ್ರ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತೀರಿ ಅಂತನೂ ಹೇಳಿದ್ರು. ಹಂಗ ಮಾಡಬ್ಯಾಡ್ರಿ. ಉಣ್ಣೂ ಅನ್ನಾ ಉಣ್ರಿ. ನಾ ಆರಾಮ ಅದೀನಿ ಅಂತ ಬರೀಬೇಕು, ಬರದೇನಿ. ಫೋನಿಗೆ ಕರದ್ರ ನೀವು ಬರೂದಿಲ್ಲ, ಅದಕ್ಕ ಈ ಪತ್ರ. ನಡುವ ಮಡಚಿ ಇಡಬ್ಯಾಡ್ರಿ, ಕಡೀತನಕಾ ಓದ್ರಿ.

ವ್ಯಾನ್ ಮಾರಿಬಿಡು, ಅದರ ಮಾರಿ ನೋಡೂದ ಬ್ಯಾಡ ಅಂತ ನೀವು ಅಕ್ಕಾರ ಕಡಿಂದ ಹೇಳಿಸಿದ್ರಿ. ನಾ ಮಾರಿಲ್ಲ. ನೀವು ಹ್ವಾದ ಮ್ಯಾಲ ಅದು ಬಾಗಲ ಮುಂದ ನಿಂತಾಂಗ ನಿಂತಿತ್ತು. ದೀಪಾವಳಿ ಮುಂದ ಒಂದ ದಿನಾ ಒಳಗ ಹೋಗಿ ಕುಂತ್ನಿ. ಆಮ್ಯಾಲ ಚಾವಿ ತಿರುವಿದ್ನಿ. ಕೆರಿ ಕಡೆ ಬಯಲಿನ್ಯಾಗ ನೀವು ನಗಚಾಟಿಗಿ ಮಾಡ್ಕೋತ ಕಲಿಸಿದ್ದಿರಲ್ಲ, ಭಾಗ್ಯಾ ಹಿಂದ ಕುಂತು ಚಪ್ಪಾಳಿ ಬಡೀತಿದ್ಲು, ಆ ಕಲತದ್ದು ಕೈಯಾಗ ಉಳದಿತ್ತು. ಲೈಸೆನ್ಸ್ ತಗೊಂಡೇನಿ. ಈಗ ಗರಗದಿಂದ ಖಾದಿ ಗಂಟು ಹಾಕ್ಕೊಂಡು ಧಾರವಾಡಕ್ಕ, ಒಮ್ಮೊಮ್ಮೆ ಹುಬ್ಬಳ್ಳಿಗೆ ಹೊಡೀತೇನಿ. ಗಟ್ಟಿ ಆಗಬೇಕಂತಲ್ಲ, ಮನ್ಯಾಗ ಕುಂದ್ರಾಕ ಆಗೂದಿಲ್ಲ ಅಂತ. ಮನ್ಯಾಗ ಭಾಗ್ಯಾನ ಗಾಲಿ ಕುರ್ಚಿ ಐತಿ.

ಆದ್ರ ಗಾಡಿ ಪೆಟ್ರೋಲ್ ಕುಡಿಯೂದು ನೋಡಿದ್ರ ಅಂಜಿಕಿ ಬರ್ತಿತ್ತು. ನೀವು ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಡ್ತೈತಿ ಅಂತಿದ್ರಿ. ನನ್ನ ಕೈಯಾಗ ಲೀಟರಿಗೆ ಎಂಟೂ ಕೊಡಲಿಲ್ಲ. ಹಳೇ ಗಾಡಿ ಹಂಗ, ಹೆಣ್ಮಕ್ಕಳು ಹೊಡದ್ರ ಇನ್ನೂ ಹಂಗ ಅಂತ ಪಂಪಿನ್ಯಾಗ ನಕ್ಕರು. ಇರಬಹುದು ಅಂತ ನಾನೂ ಸುಮ್ಮನಾದ್ನಿ. ಹ್ವಾದ ವಾರ ಹುಬ್ಬಳ್ಳಿಗೆ ಗಂಟು ಇಳಿಸಿ ಬರೂವಾಗ ಹಿಂದಿನ ಗಾಲಿ ಕಡಿಂದ ಸುಟ್ಟ ವಾಸನಿ ಬಂತು. ಬೆಂಗೇರ್ಯಾಗ ನಿಮ್ಮ ಗೆಳೆಯ ಹುಲಗಪ್ಪನ ಗ್ಯಾರೇಜ್ ಐತೆಲ್ಲ, ಅಲ್ಲಿಗೇ ತಗೊಂಡ ಹ್ವಾದ್ನಿ. ಅಂವಾ ನನಗ ಚಾ ತರಿಸಿ, ಗಾಡಿ ಕೆಳಗ ಸರಿದು ಹೋದ.

ಈಗ ಬರಿಯೂದನ್ನ ಸಾವಕಾಶ ಓದ್ರಿ. ಅಂವಾ ಹಿಂದಿನ ಗಾಲಿ ಜಾಕ್ ಹಚ್ಚಿ ಎತ್ತಿ, ಗೇರ್ ಬಿಡಿಸಿ, "ಅಕ್ಕಾರ, ಇದನ್ನ ಕೈಲೆ ತಿರುವ್ರಿ" ಅಂದ. ತಿರುವಿದ್ನಿ, ಅದು ಜಪ್ಪಯ್ಯ ಅನ್ನಲಿಲ್ಲ. ಹ್ಯಾಂಡ್‌ಬ್ರೇಕ್ ವಾಯರ್ ಮಳಿ ನೀರಿಗೆ ಒಳಗೊಳಗ ತುಕ್ಕು ಹಿಡದಿತ್ತಂತ. ನಾವು ಲಿವರ್ ಕೆಳಗ ಬಿಟ್ಟರೂ ಅಲ್ಲೆ ಗಾಲ್ಯಾಗ ಬ್ರೇಕ್ ಬಿಡತಿರಲಿಲ್ಲಂತ. "ಬ್ರೇಕ್ ಹಿಡದ ಗಾಡಿ ಎಳೀಬೇಕಂದ್ರ ಇಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಬೇಕಲ್ಲರಿ, ಟಾಕ್ಯಾಗ ಎಲ್ಲಿ ಉಳಿತೈತಿ" ಅಂದ. ಇದು ಯಾವಾಗಿಂದ ಅಂತ ಕೇಳಿದ್ನಿ. ತುಕ್ಕು ನೋಡಿ, "ಮಳಿಗಾಲದ ಶುರುವಿಗೇ ಹಿಡದೈತಿ, ಆಷಾಢದಾಗ" ಅಂದ. ಇನ್ನೊಮ್ಮೆ ಹೇಳಪಾ ಅಂದ್ನಿ. ಅಂವಾ ಇನ್ನೊಮ್ಮೆ ಹೇಳಿದ. ಹೇಳೂವಾಗ ಅಂವಗೂ ತಿಳೀತು ನಾ ಯಾಕ ಕೇಳಾಕತ್ತೇನಿ ಅಂತ. ಪಾನಾ ಕೆಳಗಿಟ್ಟು ಮಾರಿ ಆ ಕಡೆ ಮಾಡಿದ.

ನೀವು ಶ್ರಾವಣದಾಗ ಆ ಸೋಮವಾರ ಪೆಟ್ರೋಲ್ ಹಾಕಿಸಿದ್ರಿ. ನಾ ಬಾಜೂಕ ಕುಂತಿದ್ನಿ, ಕಣ್ಣಾರೆ ನೋಡೇನಿ. ಪೆಟ್ರೋಲ್ ಎಷ್ಟೈತಿ ಅಂತ ತೋರಿಸೂ ಕಾಟಾ ಕೆಟ್ಟು ವರ್ಷಗಟ್ಟಲೆ ಆಗಿತ್ತು. ಇಷ್ಟು ಹಾಕಿಸಿದ್ರ ಇಷ್ಟು ದೂರ ಹೋಗ್ತೈತಿ ಅಂತ ನಿಮ್ಮ ಲೆಕ್ಕಾ ಎಂದೂ ತಪ್ಪಿದ್ದಿಲ್ಲ. ಗಾಡಿ ಯಾಕೋ ಎಳೀವಲ್ದು ಅಂತ ನೀವು ಅಂದಿದ್ರಿ, ಮಳಿ ನಿಂತ ಮ್ಯಾಲ ತೋರಿಸೂಣು ಅಂತನೂ ಅಂದಿದ್ರಿ. ಅಷ್ಟರಾಗ ಭಾಗ್ಯಾಗ ಜ್ವರ ಎದಿಗೆ ಇಳೀತು. ಹುಬ್ಬಳ್ಳಿ ದವಾಖಾನಿಗೆ ಕರ್ಕೊಂಡ ಹೊಂಟಾಗ ರಾಯಾಪುರದ ಹತ್ರ ಪೆಟ್ರೋಲ್ ತೀರಿ ಗಾಡಿ ನಿಂತಿದ್ದು ನಿಮ್ಮಿಂದಲ್ಲ. ಭಾಗ್ಯಾನ್ನ ಮಣ್ಣು ಮಾಡಿ ಬಂದ ದಿನಾ ನಿಮ್ಮ ಅಣ್ಣ, ಭಾವಾರು, "ಖಾಲಿ ಟಾಕ್ಯಾಗ ಕೂಸಿನ್ನ ಹಾಕ್ಕೊಂಡ ಹೊಂಟಿದ್ದೆಲ್ಲೋ" ಅಂದಾಗ ನಾ ಎಲ್ಲಾರ ಮುಂದ ಒದರಿ ಹೇಳಿದ್ನಿ, ಪೆಟ್ರೋಲ್ ಹಾಕಿಸಿದ್ದು ಖರೇ ಅಂತ. ಯಾರೂ ಕಿವೀಮ್ಯಾಲ ಹಾಕ್ಕೊಳ್ಳಲಿಲ್ಲ. ನೀವಾ, "ಇಲ್ಲ, ನಂದಾ ತಪ್ಪು" ಅಂದ್ರಿ. ಅವತ್ತಿನಿಂದ ನೀವು ನನ್ನ ಮಾರಿ ನೋಡಿಲ್ಲ.

ಹುಲಗಪ್ಪ ಬಿಚ್ಚಿದ ವಾಯರ್ ತಗೊಂಡು ಸೀದಾ ಭಾವಾರ ಮನಿಗೆ ಹ್ವಾದ್ನಿ. ಅವರ ಕೈಯಾಗ ಇಟ್ಟು, ಎಲ್ಲಾ ಬಿಡಿಸಿ ಹೇಳಿದ್ನಿ. ಅವರು ಅದನ್ನ ಬಗ್ಗಿಸಿ ನೋಡಿದ್ರು, ಬಗ್ಗಲಿಲ್ಲ. "ತಮ್ಮಗ ಬರಿಯವಾ" ಅಂದ್ರು. ಏನ ಬರೀಬೇಕಂತ ಹೇಳಲಿಲ್ಲ. ಎದ್ದು ಒಳಗ ಹ್ವಾದ್ರು, ಆಮ್ಯಾಲ ಹೊರಗ ಬರಲಿಲ್ಲ. ಭಾವಾರ ಹೆಂಡತಿ ಬಾಗಲ ತನಕಾ ಬಂದು ನನ್ನ ಕೈ ಹಿಡದ್ಲು.

ನಾ ಸುಳ್ಳು ಸಮಾಧಾನ ಬರಿಯಾಂಗಿಲ್ಲರಿ. ದವಾಖಾನಿಗೂ ಹೋಗಿದ್ನಿ. ಅರ್ಧಾ ತಾಸು ಮೊದಲ ಬಂದಿದ್ರ ಉಳೀತಿದ್ಲೇನ್ರಿ ಅಂತ ಡಾಕ್ಟರ್‌ನ ಕೇಳಿದ್ನಿ. ಅಂವಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅದನ್ನ ನಾವು ಇಬ್ಬರೂ ಹೊತ್ಕೊಂಡ ಇರಬೇಕು. ಆದ್ರ ನಿಮ್ಮದಲ್ಲದ್ದನ್ನ ನೀವೊಬ್ಬರ ಹೊತ್ಕೊಂಡು ಪರ ಊರಾಗ ಕುಂದ್ರೂದು ನನಗ ನೋಡಾಕ ಆಗೂದಿಲ್ಲ.

ಹುಲಗಪ್ಪ ಹೊಸಾ ವಾಯರ್ ಹಾಕ್ಯಾನ. ಏರ್ ಫಿಲ್ಟರ್ ಬಿಚ್ಚಿದ್ರ ಒಳಗ ಬರೇ ಗರಗದ ಹತ್ತೀ ಧೂಳು, ತಲಿದಿಂಬು ತುಂಬುವಷ್ಟು. ಅದನ್ನೂ ಬದಲಿ ಮಾಡಿ, ಕಾರ್ಬೊರೇಟರ್ ತೊಳದು, ಗಾಲಿಗೆ ಗಾಳಿ ತುಂಬಿ ಕೊಟ್ಟ. ಮೊದಲನೇ ಗೇರಿನ್ಯಾಗ ಎಳದಾಡಬ್ಯಾಡ್ರಿ, ಕ್ಲಚ್ ಮ್ಯಾಲ ಕಾಲಿಟ್ಟ ಕುಂದ್ರಬ್ಯಾಡ್ರಿ ಅಂತ ಬುದ್ಧಿ ಹೇಳಿದ. ಕಡೀಕ ಒಂದ ಮಾತು ಅಂಜ್ಕೋತ ಅಂದ. ಭಾಗ್ಯಾನ ಕುರ್ಚಿ ಏರಿಸಾಕ ನೀವು ಕುಂತು ಮಾಡಿದ ಕಬ್ಬಿಣದ ಹಲಗಿ ಹಿಂದ ಐತೆಲ್ಲ, ಅದು ಭಾಳ ಭಾರ, ತಗದ್ರ ಅವರೇಜ್ ಇನ್ನೂ ಏರ್ತೈತಿ ಅಂದ. ನಾ ಬ್ಯಾಡ ಅಂದ್ನಿ. ಅದರ ಸಲುವಾಗಿ ಎಷ್ಟ ಕುಡೀತೈತಿ ಕುಡೀಲಿ. ಎರಡ ವರ್ಷದ ಕೂಸಿಗೆ ಪೋಲಿಯೋ ಹೊಡದಾಗಿಂದ ಹದಿನೈದು ತುಂಬೂತನಕಾ ಅಕೀನ ನೀವು ಎತ್ತಿ ಇಳಿಸೀರಿ. ಆ ಹಲಗಿ ಮ್ಯಾಲ ಅಕೀ ಗಾಲಿ ಗೀರು ಇನ್ನೂ ಅದಾವ. ಆಮ್ಯಾಲ ಟಾಕಿ ತುಂಬಿಸಿ ಗರಗಕ್ಕ ಎರಡು ಸಲ ಹೋಗಿ ಬಂದು, ಅದ ಪಂಪಿನ್ಯಾಗ ಮತ್ತ ತುಂಬಿಸಿ ನೋಡಿದ್ನಿ. ಹದಿಮೂರೂವರಿ ಬಂತು. ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಅತ್ನಿ. ಪಂಪಿನವರು ಗಾಬರಿ ಆದ್ರು.

ಒಂದು ಮಾತು ನಿಮಗ ಗೊತ್ತಿಲ್ಲ. ಹೇಳಾಕ ನೀವು ಹೊತ್ತ ಕೊಡಲಿಲ್ಲ. ರಾಯಾಪುರದ ಹತ್ರ ನೀವು ಕ್ಯಾನ್ ಹಿಡಕೊಂಡು ಮಳ್ಯಾಗ ಪಂಪಿನ ಕಡೆ ಓಡಿದ್ರಲ್ಲ, ಭಾಗ್ಯಾ ನನ್ನ ತೊಡೀಮ್ಯಾಲಿಂದ ತಲಿ ಎತ್ತಿ ಕಿಡಕಿ ಕಾಚಿನ್ಯಾಗ ನೋಡಿದ್ಲು. ಉಸುರು ಹತ್ತಿತ್ತು, ಆದ್ರೂ ನಕ್ಕಳು. "ಅವ್ವಾ, ಅಪ್ಪ ಎಷ್ಟ ಜೋರ ಓಡ್ತಾನ ನೋಡ" ಅಂದ್ಲು. ನೀವು ತಿರುವಿನ್ಯಾಗ ಕಾಣದಾಂಗ ಆಗೂತನಕಾ ನೋಡಿದ್ಲು. ಅಕೀ ಮನಸಿನ್ಯಾಗ ನೀವು ತಪ್ಪು ಮಾಡಿದಾಂವ ಅಲ್ಲ, ಅಕೀ ಸಲುವಾಗಿ ಓಡಿದಾಂವ.

ಇನ್ನ ಮುಗಸ್ತೇನಿ. ನಿಮ್ಮ ಅಕ್ಕಾರಿಗೆ, ಮಾವಾರಿಗೆ ನನ್ನ ಶರಣು ಹೇಳ್ರಿ. ಬಾಜೂ ಮನಿ ಅಮೀನಾಬಿ ದಿನಾ ನಿಮ್ಮನ್ನ ಕೇಳ್ತಾಳ, ಅಕೀ ಸಲಾಮೂ ಇದರಾಗ ಸೇರಿಸೇನಿ. ಶಿವಾ ನಿಮ್ಮನ್ನ ಕಾಯಲಿ.

ನಿಮ್ಮ
ರತ್ನವ್ವ

ತಾ.ಕ.: ಟಪಾಲಿನವ ಹೋಗೂದರಾಗ ಬರಿಯಾಕತ್ತೇನಿ. ಈಗಿನ ಅವರೇಜಿಗೆ ಕೊಲ್ಹಾಪುರ ಒಂದ ಟಾಕ್ಯಾಗ ಮುಟ್ಟತೈತಿ ಅಂತ ಹುಲಗಪ್ಪ ಹೇಳ್ಯಾನ. ೨೧ಕ್ಕ ರವಿವಾರ ನಾ ವ್ಯಾನ್ ತಗೊಂಡು ಅಲ್ಲಿಗೆ ಬರ್ತೇನಿ. ನೀವು ಮಾತಾಡಬೇಕಂತಿಲ್ಲ, ಮನಿಗೆ ಬರ್ರಿ ಅಂತನೂ ನಾ ಕೇಳಾಂಗಿಲ್ಲ. ಇಲ್ಲೆ ಎಲ್ಲಾರೂ ನನಗ ಸಮಾಧಾನ ಹೇಳ್ತಾರ. ನನ್ನ ಜೋಡಿ ಕುಂತು ಅಳಾಕ ಯಾರೂ ಇಲ್ಲ. ಅದಕ್ಕ ಬರಾಕತ್ತೇನಿ.