ಬೋರ್ಡಿನ ಹಿಂದಿನ ಅಡ್ಡಮರ

ಅಮ್ಮನ್‌ಫರ್ಡ್, ವೇಲ್ಸ್
ಫೆಬ್ರವರಿ 12

ಪ್ರೀತಿಯ ಗೆಥಿನ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಫೆಬ್ರವರಿಯಲ್ಲಿ ಉತ್ತರ ಬರೆಯುತ್ತಿದ್ದೇನೆ. ಕ್ಷಮಿಸು, ನೆವ ಹೇಳಲು ಹೋದರೆ ಇನ್ನೂ ತಡವಾಗುತ್ತದೆ. ನೀನೂ ಶಾನಳೂ ಕ್ಷೇಮವೆಂದು ನಂಬಿದ್ದೇನೆ.

ಅಪ್ಪನಿಗೆ ಸೊಂಟದ ಆಪರೇಷನ್ ಆಗಿ ಮೂರು ವಾರ. ಮೆಟ್ಟಿಲು ಹತ್ತುವಂತಿಲ್ಲ. ಅಮ್ಮ ಕಾಯಿಲೆ ಬಿದ್ದಾಗ ನೀನು ಕೆಳಗಡೆ ಪ್ಲಾಸ್ಟರ್‌ಬೋರ್ಡಿನ ಗೋಡೆ ನಿಲ್ಲಿಸಿ ಕೋಣೆ ಮಾಡಿಕೊಟ್ಟಿದ್ದೆಯಲ್ಲ, ಅಲ್ಲೇ ಮಂಚ ಹಾಕಿದ್ದೇವೆ. ನೋವು ಇಳಿದಿದೆ, ನಾಲಿಗೆ ಇಳಿದಿಲ್ಲ. ಶನಿವಾರದ ರಗ್ಬಿ ಪಂದ್ಯಕ್ಕೆ ಮೊದಲೇ ಆ ಗೋಡೆಗೆ ಟಿವಿ ಏರಲೇಬೇಕೆಂದು ಹಟ. ಟಿವಿ ಇಪ್ಪತ್ತೆರಡು ಕಿಲೋ. ಮಂಚದ ಕಾಲ್ದೆಸೆ ಗೋಡೆಗೇ ತಾಗಿದೆ. ಕಳಚಿದರೆ ನೇರ ಅಪ್ಪನ ಕಾಲ ಮೇಲೆ.

ನಿನ್ನ ಕ್ಲಾಸಿನ ನೆರಿಸ್ ಈಗ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾಳೆ. ನಾನು ಹೋಗಿ ಗೋಡೆಯ ತೂತಿನಲ್ಲಿ ಸ್ಕ್ರೂ ಹಿಡಿಸುವ ಕಂದು ಬಣ್ಣದ ಪ್ಲಾಸ್ಟಿಕ್ ಪ್ಲಗ್ಗು ಕೇಳಿದೆ.

“ಇಟ್ಟಿಗೆ ಗೋಡೆನಾ?”

“ಬೋರ್ಡು.”

“ಹಾಗಾದ್ರೆ ಅದು ಬೇಡ, ಬೆಣ್ಣೇಲಿ ಮೊಳೆ ಹೊಡ್ದಂಗಾಗುತ್ತೆ. ಬೋರ್ಡ್ ಹಿಂದೆ ಏನಿದೆ?”

“ನಾನು ಲೆಕ್ಕ ಬರೆಯೋನು, ನಂಗೇನ್ ಗೊತ್ತು? ಕಟ್ಟಿದ್ದು ತಮ್ಮ.”

“ಅವನ್ನ ಕೇಳೋದಲ್ವಾ? ಫೋನ್ ಇಲ್ವಾ ನಿಮ್ಮನೇಲಿ?”

ನಾನು ಕೌಂಟರಿನ ಮೇಲಿದ್ದ ಸ್ಕ್ರೂಗಳನ್ನು ಎಣಿಸತೊಡಗಿದೆ. ಕೊನೆಗೆ ರೆಕ್ಕೆ ಬೋಲ್ಟು ತೆಗೆದುಕೊಟ್ಟಳು. ಮಡಿಸಿ ತೂತಿನೊಳಗೆ ತೂರಿಸಿದರೆ ಅದು ಆಚೆ ರೆಕ್ಕೆ ಬಿಚ್ಚಿ ಬೋರ್ಡನ್ನು ಹಿಂದಿನಿಂದ ಹಿಡಿದುಕೊಳ್ಳುತ್ತದೆ. “ಟಿವಿ ಮುಂದಕ್ಕೆ ಎಳ್ಕೊಳ್ಳೋ ತೋಳಿನ ಬ್ರಾಕೆಟ್ ಆದ್ರೆ ಇದನ್ನೂ ನಂಬಬೇಡ. ಅದಕ್ಕೆ ಒಳಗೆ ಮರಾನೇ ಬೇಕು” ಎಂದಳು. ನಮ್ಮದು ತೋಳಿನದೇ. ಅದನ್ನು ಹೇಳದೆ ಮನೆಗೆ ಬಂದೆ.

ನನ್ನ ಕಣ್ಣಿನ ಎತ್ತರಕ್ಕೆ ಗೋಡೆ ತಟ್ಟಿದೆ. ಟೊಳ್ಳು.

“ಗೋಡೆ ತಟ್ಟಿದ್ಯೋ, ತಲೆ ತಟ್ಕೊಂಡ್ಯೋ?” ಎಂದರು ಅಪ್ಪ. ಐವತ್ತು ವರ್ಷ ಊರಿನ ಗೋಡೆಗಳಿಗೆಲ್ಲ ಗಾರೆ ಮೆತ್ತಿದವರು, ಮಲಗಿದರೂ ಮೇಸ್ತ್ರಿಯೇ. “ಟಿವಿ ನೋಡೋನು ನಾನು ಕಣೋ. ಕೆಳಗೆ ತಟ್ಟು. ಇನ್ನೂ ಕೆಳಗೆ.”

ನಾಲ್ಕಡಿ ಎತ್ತರಕ್ಕೆ ಇಳಿದಾಗ ಸದ್ದು ಗಟ್ಟಿಯಾಯಿತು. ಡ್ರಿಲ್ ಇಟ್ಟೆ. ಮೊದಲು ಬಿಳಿ ಪುಡಿ ಉದುರಿತು, ಆಮೇಲೆ ಸುರುಳಿ ಸುರುಳಿಯಾಗಿ ಮರದ ಹೊಟ್ಟು. ಒಳಗಿನ ಒಂದು ಕಂಬದಿಂದ ಇನ್ನೊಂದಕ್ಕೆ ಎರಡು ಸಾಲು ಅಡ್ಡಮರ, ಅಮ್ಮ ಮಲಗಿಕೊಂಡು ಟಿವಿ ನೋಡುವ ಎತ್ತರಕ್ಕೆ ಸರಿಯಾಗಿ. ಟಿವಿ ತರುವ ಮೊದಲೇ ಅವಳು ಹೋದಳು. ಮರ ಹಾಕಿದ್ದನ್ನು ನೀನು ಯಾರಿಗೂ ಹೇಳಲೂ ಇಲ್ಲ.

ಅಪ್ಪ ಕೈ ಚಾಚಿದರು. ಹೊಟ್ಟು ಕೊಟ್ಟೆ. ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು.

“ಗೆಥಿನ್ ಹಾಕಿದ್ದಾ?”

“ಹೂಂ, ಅಪ್ಪ.”

ಹೊಟ್ಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ, “ಉದ್ದದ ಸ್ಕ್ರೂ ಹಾಕು. ಒಳ್ಳೇ ಮರಕ್ಕೆ ಅವಮಾನ ಮಾಡ್ಬೇಡ” ಎಂದರು.

ಹಾಕಿದೆ. ತೋಳನ್ನು ಪೂರ್ತಿ ಎಳೆದು, ಟಿವಿ ಏರಿಸುವ ಮೊದಲು ನಾನೇ ಜೋತುಬಿದ್ದು ನೋಡಿದೆ. ಅಲುಗಲಿಲ್ಲ. ಟಿವಿ ಏರಿಸಿ, ಒಂದು ಚಹಾ ಕುಡಿದೆ. ಶನಿವಾರ ನಮ್ಮವರು ಬಿದ್ದರು, ಟಿವಿ ಬೀಳಲಿಲ್ಲ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಮನೆ ಬೆಚ್ಚಗಿರಲಿ, ಮನಸ್ಸು ತಣ್ಣಗಿರಲಿ.

ನಿನ್ನ ಅಣ್ಣ,
ಹವೆಲ್

ತಾ.ಕ.: ಅಮ್ಮ ತೀರಿಕೊಂಡ ವರ್ಷ ಅಪ್ಪ ಗಾರೆ ಕೆಲಸದ ಹೊಸ ವ್ಯಾನಿನ ಮೇಲೆ ‘ಪ್ರೊಬರ್ಟ್ ಮತ್ತು ಮಕ್ಕಳು’ ಎಂದು ಬರೆಸುವವರಿದ್ದರು. ಬರೆಸಿದ್ದು ‘ಪ್ರೊಬರ್ಟ್ ಮತ್ತು ಮಗ’. ಅದನ್ನು ಓದಿ, ಅಪ್ಪನ ಮುಂಗೋಪ ಎಂದುಕೊಂಡು ನೀನು ಊರು ಬಿಟ್ಟೆ. “ಗೆಥಿನ್ ಅವಸರಕ್ಕೆ ಅಮ್ಮನ ಕೋಣೆಯ ಗೋಡೆಯೊಳಗೆ ಮರವನ್ನೇ ಹಾಕಿಲ್ಲ, ಇಂಥ ಕೆಲಸಕ್ಕೆ ನಿಮ್ಮ ಹೆಸರು ಬೇಡ” ಎಂದು ವ್ಯಾನಿಗೆ ಹೆಸರು ಬರೆಸುವ ಹಿಂದಿನ ದಿನ ಅಪ್ಪನ ಕಿವಿಗೆ ಹಾಕಿದವನು ನಾನು. ನಿನ್ನೆ ಅವರ ಮುಂದೆ ಒಪ್ಪಿಕೊಂಡೆ. “ಅವನಿಗೂ ಬರಿ” ಎಂದಷ್ಟೇ ಅಂದರು. ಬರೆದಿದ್ದೇನೆ. ಆ ಗೋಡೆಯನ್ನು ಅವತ್ತು ನಾನು ತಟ್ಟಿಯೂ ನೋಡಿರಲಿಲ್ಲ, ಗೆಥಿನ್.