ಬಹುಮಾನದ ವರ್ಷ

ಹಲಸಂಗಿ,
೧೪ ಜುಲೈ ೨೦೦೩

ಪ್ರೀತಿಯ ಚಂದವ್ವ,

ಸಿಂದಗಿಯಲ್ಲಿ ನೀನೂ ಮಕ್ಕಳೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಸಿಟ್ಟಾಗಬೇಡ. ಈ ವರ್ಷ ನಿನ್ನ ಅಂಗನವಾಡಿಗೂ ಬಹುಮಾನದ ಯೋಜನೆ ಬರುತ್ತದೆಂದು ಬರೆದು, ನಮ್ಮಲ್ಲಿ ಅದು ಹೇಗಾಯಿತು ಎಂದು ನೀನು ಕೇಳಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಕೆಳಗಿಟ್ಟು ಎದ್ದಿದ್ದೇನೆ.

ಮೊದಲು ಚೆನ್ನಾಗಿಯೇ ಇತ್ತು. ವರ್ಷದ ಕೊನೆಗೆ ಯೋಜನೆ ನಡೆಸುವ ಸಂಸ್ಥೆಯವರು ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ, ಯಾರ ಕೇಂದ್ರದ ಮಕ್ಕಳು ಚುರುಕೋ ಆ ಟೀಚರಿಗೆ ಇಂಡಿ ಪಟ್ಟಣದಲ್ಲಿ ಸನ್ಮಾನ, ಜೊತೆಗೆ ಒಂದು ಪ್ರೆಶರ್ ಕುಕ್ಕರ್ ಎಂದಾಗ ನನಗೂ ಹುರುಪು ಬಂತು. ಇಷ್ಟು ವರ್ಷಗಳಲ್ಲಿ ನಮ್ಮ ಕೆಲಸವನ್ನು ಯಾರಾದರೂ ನೋಡುತ್ತೇವೆ ಅಂದದ್ದು ಅದೇ ಮೊದಲು. ಬೆಂಕಿಪೊಟ್ಟಣಗಳಿಂದ ಎತ್ತು, ಬಂಡಿ ಮಾಡಿದೆ. ಕೂಲಿಗೆ ಹೋಗುವ ಶೆಟ್ಟೆವ್ವನ ಮಗಳು ದಾನೇಶ್ವರಿ, ನಾಲ್ಕು ತುಂಬಿದರೂ ಬಾಯಿ ಬಿಡದವಳು, ಒಂದು ದಿನ ಆ ಎತ್ತಿಗೆ "ನಡಿ ನಡಿ" ಎಂದು ಗದರಿದಳು! ಸಂಕ್ರಾಂತಿಯ ಹೊತ್ತಿಗೆ ನನ್ನ ತೊಡೆಯ ಮೇಲೆ ಕೂತು ಮಳೆಯ ಹಾಡನ್ನು ಪೂರ್ತಿ ಹೇಳುತ್ತಿದ್ದಳು.

ಅಷ್ಟರಲ್ಲಿ, ಎಲ್ಲ ಮಕ್ಕಳ ಅಂಕ ಕೂಡಿಸಿ ಸರಾಸರಿ ತೆಗೆಯುತ್ತಾರೆಂದು ಗೊತ್ತಾಯಿತು. ಮೇಲಿನ ಓಣಿಯ ಟೀಚರ್ ಸೀತವ್ವ ಮನೆಮನೆಗೆ ಹೋಗಿ ನನ್ನಲ್ಲಿಗೆ ಬರುತ್ತಿದ್ದ ಜಾಣ ಮಕ್ಕಳನ್ನು ತನ್ನ ಕೇಂದ್ರಕ್ಕೆ ಕರೆದುಕೊಂಡಳು. ನಮ್ಮ ಮೇಲ್ವಿಚಾರಕಿ ಬಂದು, "ನೋಡ್ರಿ, ಆ ಮೂಕ ಹುಡುಗೀನ ಪರೀಕ್ಷಾ ದಿನ ಕರ್ಕೋಬ್ಯಾಡ್ರಿ" ಅಂದರು.

"ಮೂಕಿ ಅಲ್ರಿ ಮೇಡಮ್, ಹಾಡ ಹೇಳ್ತಾಳ್ರಿ ಆಕಿ" ಅಂದೆ. ಪರೀಕ್ಷೆಯ ದಿನ ನಾನೇ ಅವಳನ್ನು ಕರೆತಂದೆ.

ಪರೀಕ್ಷೆ ಮಾಡಲು ಬಂದವನು ಮಕ್ಕಳು ಎಂದೂ ನೋಡದ ಮನುಷ್ಯ. ನನ್ನನ್ನು ಹೊರಗೆ ನಿಲ್ಲಿಸಿದ. ಕಿಟಕಿಯಿಂದ ನೋಡುತ್ತಿದ್ದೆ, ದಾನೇಶ್ವರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಮಕ್ಕಳು ನಕ್ಕರು. ಆತ ಸೊನ್ನೆ ಬರೆದು ಮುಂದಿನ ಮಗುವನ್ನು ಕರೆದ.

ಕುಕ್ಕರ್ ಸೀತವ್ವನಿಗೆ ಹೋಯಿತು. ಹೋಗಲಿ. ಆದರೆ ನಮ್ಮೂರಿಗೆ ಯೋಜನೆ ಇದ್ದದ್ದು ಅದೊಂದೇ ವರ್ಷ. ಈಗ ಅವಳ ಕೇಂದ್ರದಲ್ಲಿ ಹಾಡಿಲ್ಲ, ಆಟವಿಲ್ಲ. ಉಪ್ಪಿಟ್ಟು ಹಂಚಿ ಬೀಗ ಹಾಕುತ್ತಾಳೆ. ಕೇಳಿದರೆ, "ಇನ್ನ ಯಾರು ನೋಡಾಕ ಬರ್ತಾರ, ವಿದ್ಯಾ?" ಅಂದಳು. ಬೈಯಬೇಕೆಂದುಕೊಂಡೆ, ಆದರೆ ನಾನೂ ಅಷ್ಟೇ. ಮಗುವೊಂದು ಎದುರು ಬಂದು ಕೂತರೆ ಇದಕ್ಕೆ ಎಷ್ಟು ಅಂಕ ಬರುತ್ತಿತ್ತು ಎಂಬುದೇ ಮೊದಲು ತಲೆಗೆ ಬರುತ್ತದೆ. ಹಾಡಲು ದನಿ ಏಳುವುದಿಲ್ಲ. ಮಕ್ಕಳಿಗೂ ತಿಳಿದಿದೆ; ಊಟದ ಹೊತ್ತಿಗೆ ಬಂದು ಹೋಗುತ್ತವೆ.

ನೀನೇನು ಮಾಡಬೇಕೆಂದು ಕೇಳಬೇಡ, ನನಗೆ ತಿಳಿಯದು. ಬೇಡ ಎನ್ನುವ ಅಧಿಕಾರವೂ ನಮಗಿಲ್ಲವಲ್ಲ. ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಬಾಯಿ ತುಂಬ ಮಾತಿರಲಿ.

ನಿನ್ನ,
ವಿದ್ಯಾವತಿ

ತಾ.ಕ.: ದಾನೇಶ್ವರಿ ಪರೀಕ್ಷೆಯ ಮರುದಿನದಿಂದ ಬಂದಿಲ್ಲ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಶೆಟ್ಟೆವ್ವ ಕೈಮುಗಿದು, "ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಮ್ಮ ಹುಡುಗಿ ಸಲುವಾಗಿ ನಿಮಗ ಬರೂ ಬಹುಮಾನ ತಪ್ಪಿತು. ಮತ್ತ ನಿಮಗ ಹಾನಿ ಮಾಡಂಗಿಲ್ರಿ, ಮನ್ಯಾಗ ಇಟ್ಕೋತೇನಿ" ಅಂದಳು. ಹಾಗಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಬಾ ನನ್ನವ್ವ" ಎಂದು ಹುಡುಗಿಗೆ ಕೈ ಚಾಚಿದೆ. ಗೋಡೆಗೆ ಒತ್ತಿ ನಿಂತ ಅವಳು ನನ್ನನ್ನು ಕಂಡು ನಡುಗುತ್ತಿದ್ದಳು.