ತಾನಾಗಿ ಬರುವ ಫೋಟೋ

ಅಬ್ಬೀ,

ಐಸ್ ಪ್ಲಾಂಟಿಗೆ ಹೊರಟೆ, ಸಂಜೆ ಬರುತ್ತೇನೆ.

ಮೊದಲು ಟಿವಿ ಹಾಕು, ಆಮೇಲೆ ಅದಕ್ಕೆ ಜೋಡಿಸಿದ ಕಂಪ್ಯೂಟರಿನ ದೊಡ್ಡ ಗುಂಡಿ ಒತ್ತು. ಕಂಪ್ಯೂಟರಿನ ಡಬ್ಬಿಗೆ ಬಟ್ಟೆ ಹೊದಿಸಬೇಡ ಎಂದು ಎಷ್ಟು ಸಲ ಹೇಳುವುದು? ಅದಕ್ಕೆ ಚಳಿಯಾಗುವುದಿಲ್ಲ, ಸೆಕೆಯಾಗುತ್ತದೆ. ನಿನ್ನ ಯಕ್ಷಗಾನದ ಸಿಡಿಗಳನ್ನೆಲ್ಲ ಅದರೊಳಗೇ ತುಂಬಿಸಿದ್ದೇನೆ.

ದಿನಾ ನಾನು ಬರುವಾಗ ಯಕ್ಷಗಾನ ಅರ್ಧಕ್ಕೆ ನಿಂತಿರುತ್ತಿತ್ತು. ಕೇಳಿದರೆ "ನಂಗೆ ಆ ಮೌಸ್ ಹಿಡುಕೆ ಬತ್ತಿಲ್ಲೆ ಮಗಾ" ಎನ್ನುತ್ತಿದ್ದೆ. ನಾನೂ ರೇಗುತ್ತಿದ್ದೆ. ನಿನ್ನೆ ಮಧ್ಯಾಹ್ನ ಬೇಗ ಬಂದವನು ಕಿಟಕಿಯಿಂದ ನೋಡಿದೆ. ನಿಲ್ಲಿಸಿದವಳು ನೀನೇ. ಮೌಸನ್ನು ದೂರ ಸರಿಸಿ, ಕೈಕಟ್ಟಿ ಕೂತಿದ್ದೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಟಿವಿಯಲ್ಲಿ ನಮ್ಮ ಮನೆಯ ಫೋಟೋಗಳು ಒಂದೊಂದಾಗಿ ತಾವೇ ಬರುತ್ತವಲ್ಲ, ಅದಕ್ಕೆ. ತಂಗಿ ತನ್ನ ಮಗುವನ್ನು ಎತ್ತಿಕೊಂಡಿರುವ ಫೋಟೋ ಬಂದದ್ದೇ ನೀನು ಎದ್ದು ಟಿವಿಯ ಹತ್ತಿರ ಹೋದೆ.

ಅದನ್ನು ಅಲ್ಲಿ ಸೇರಿಸಿದವನು ನಾನೇ. ಮಗಳಾಗಿಯೂ ನಮ್ಮನ್ನು ಕೇಳದೆ ಮದುವೆಯಾದಳೆಂದು ಎರಡು ವರ್ಷದಿಂದ "ಅವ್ಳ್ ಹೆಸ್ರ್ ನನ್ನೆದುರ್ ಎತ್ತುಕಾಗ" ಎನ್ನುತ್ತೀಯಲ್ಲ, ಆದರೆ ಫೋಟೋ ಹಾಕಬಾರದೆಂದು ನೀನು ಹೇಳಿರಲಿಲ್ಲ.

ಈಗ ಹತ್ತು ನಿಮಿಷ ಕಾಯುವುದು ಬೇಡ, ಒಂದೇ ನಿಮಿಷಕ್ಕೆ ಬರುವ ಹಾಗೆ ಮಾಡಿದ್ದೇನೆ. ಇವತ್ತು ಅದೂ ಬೇಕಾಗಲಿಕ್ಕಿಲ್ಲ. ಆ ಫೋಟೋದಲ್ಲಿರುವ ಇಬ್ಬರೂ ಹೆಮ್ಮಾಡಿಯಿಂದ ಹನ್ನೊಂದರ ಬಸ್ಸಿಗೆ ಬರುತ್ತಾರೆ. ನಾನು ಹೆಸರು ಎತ್ತಿಲ್ಲ, ನೋಡು.

ಮಗು ಮಲಗಿದರೆ ಚಂಡೆಯ ಸೌಂಡು ಸಣ್ಣ ಮಾಡು.

ಪ್ರಜ್ವಲ್